ಊಟಿಯ ಬಸ್ಸಿಗೆ ರೈಟ್ ಹೇಳಿದವರು

ನಮ್ಮ ಬಸ್ಸಿಗೊಂದು ವಾಟ್ಸಾಪ್ ಗುಂಪಿದೆ. ಬೆಳಿಗ್ಗೆ ಕೋಲಾರದಿಂದ ಶ್ರೀನಿವಾಸಪುರಕ್ಕೆ ಹೋಗಿ ಸಾಯಂಕಾಲ ವಾಪಸು ಬರುವ ಮೇಷ್ಟರುಗಳು, ನರ್ಸುಗಳು, ಕಚೇರಿಯ ಗುಮಾಸ್ತರು ಸೇರಿ ಮಾಡಿಕೊಂಡದ್ದು. 'ಬಸ್ ಬಂತಾ?', 'ಇನ್ನೂ ಹತ್ತು ನಿಮಿಷ', 'ನಂಗೊಂದು ಸೀಟು ಹಿಡೀರಿ'. ಇದರಾಚೆಗೆ ಆ ಗುಂಪಿನಲ್ಲಿ ಯಾರೂ ಏನೂ ಬರೆಯುವುದಿಲ್ಲ. ಹೋದ ತಿಂಗಳು ಒಂದು ಬೆಳಿಗ್ಗೆ ಅದರಲ್ಲಿ ಅವರ ಫೋಟೋ ಬಂತು. ಕೆಳಗೆ ಒಂದು ದೀಪದ ಚಿತ್ರ. ನಾನು ಬಸ್ ಸ್ಟ್ಯಾಂಡಿನಲ್ಲಿ ಊಟದ ಡಬ್ಬಿ ಹಿಡಿದುಕೊಂಡು ನಿಂತಿದ್ದೆ. ಅಲ್ಲೇ ಅತ್ತುಬಿಟ್ಟೆ. ಪಕ್ಕದಲ್ಲಿದ್ದ ಹೆಂಗಸು "ಯಾಕಮ್ಮಾ, ಯಾರು ಹೋದ್ರು?" ಎಂದು ಕೇಳಿದಳು. "ನಮ್ಮ ಕಂಡಕ್ಟರು" ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹನ್ನೊಂದು ವರ್ಷ ಅವರ ಬಸ್ಸಿನಲ್ಲಿ ಓಡಾಡಿದರೂ ನಾವು ಯಾರೂ ಅವರನ್ನು ಹೆಸರಿಟ್ಟು ಕರೆದದ್ದಿಲ್ಲ. ನಮಗೆ ಅವರು 'ಕಂಡಕ್ಟರ್ ಸಾರ್'. ಅವರಿಗೆ ನಾನು 'ಟೀಚರಮ್ಮ'. ನನಗಿಂತ ಹದಿನೈದು ವರ್ಷ ದೊಡ್ಡವರು, ನನಗಿಂತ ಒಂದು ಗೇಣು ಗಿಡ್ಡ. ಬಸ್ಸು ಎಷ್ಟೇ ಕುಲುಕಾಡಲಿ, ಮೇಲಿನ ಕಂಬಿ ಹಿಡಿಯುತ್ತಿರಲಿಲ್ಲ. ಸೀಟಿನ ಅಂಚಿಗೆ ಸೊಂಟ ಆನಿಸಿಕೊಂಡು, ಎರಡೂ ಕೈ ಕೆಲಸಕ್ಕೆ ಬಿಟ್ಟುಕೊಂಡು ನಿಲ್ಲುತ್ತಿದ್ದರು. ನಾನು ವಿಜ್ಞಾನದ ಟೀಚರು. ಗುರುತ್ವ ಕೇಂದ್ರದ ಪಾಠ ಮಾಡುವಾಗಲೆಲ್ಲ ಮಕ್ಕಳಿಗೆ ಅವರನ್ನೇ ಉದಾಹರಣೆ ಕೊಡುತ್ತಿದ್ದೆ. ಮಕ್ಕಳಿಗೆ ಅದು ಥಟ್ಟನೆ ಅರ್ಥವಾಗುತ್ತಿತ್ತು, ಅರ್ಧ ತರಗತಿ ಅವರ ಬಸ್ಸಿನಲ್ಲೇ ಬರುತ್ತಿತ್ತಲ್ಲ.

ಅವರ ಊರು ಮುಳಬಾಗಿಲಿನ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿ. ಮನೆಯಲ್ಲಿ ತೆಲುಗು, ಬಸ್ಸಿನಲ್ಲಿ ಕನ್ನಡ, ಕೋಪ ಬಂದಾಗ ಎರಡೂ. "ಜರಗಂಡಿ, ಜರಗಂಡಿ, ಒಳಗೆ ಹೋಗ್ರಿ, ಹಿಂದೆ ಮದುವೆ ಛತ್ರದಷ್ಟು ಜಾಗ ಇದೆ!" ಎಂದು ಕೂಗಿದರೆ ಜನ ನಗುತ್ತಲೇ ಹಿಂದಕ್ಕೆ ಸರಿಯುತ್ತಿದ್ದರು. ಹಿಂದೆ ಕಾಲಿಡಲು ಜಾಗ ಇರುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ನಾನು ಅವರನ್ನು ಮೊದಲು ಗಮನಿಸಿದ್ದು ಒಂದು ಜಗಳದಿಂದ. ಆಗ ಅವರು ಹುತ್ತೂರು ಕಡೆಯ ಬಸ್ಸಿನಲ್ಲಿದ್ದರು, ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಒಂದು ಬೆಳಿಗ್ಗೆ ಚೆನ್ನಾಗಿ ಸೀರೆ ಉಟ್ಟು, ಒಂದಿಷ್ಟು ಸೆಂಟು ಹಾಕಿಕೊಂಡು ಬಸ್ಸು ಹತ್ತಿದೆ. ಮುಂದಿನ ಸೀಟು ಖಾಲಿಯಿತ್ತು, ಹೋಗಿ ಕೂತೆ. ಇವರು ಬಂದವರೇ "ಟೀಚರಮ್ಮಾ, ಹಿಂದೆ ಹೋಗಿ ಕೂತ್ಕೊಳ್ಳಿ" ಎಂದರು. ಯಾಕೆ ಎಂದು ಕೇಳಿದೆ. "ಹುಳ ಬರ್ತಿದೆ" ಎಂದರು. ನನಗೆ ಮೈಯೆಲ್ಲ ಉರಿಯಿತು. ಹುಳಕ್ಕೆ ಸೀಟು ಬಿಟ್ಟುಕೊಡಬೇಕೇ? ಮುಂದಿನ ಸ್ಟಾಪಿನಲ್ಲಿ ಒಬ್ಬ ರೈತ ಬಟ್ಟೆ ಮುಚ್ಚಿದ ತಟ್ಟೆಗಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಕೂಸನ್ನು ತರುವವನ ಹಾಗೆ ಹತ್ತಿದ. ಒಳಗೆ ಆಗಷ್ಟೇ ಮರಿಯಾದ ರೇಷ್ಮೆಹುಳ. ಬೀಡಿಯ ಹೊಗೆ, ಸೆಂಟಿನ ವಾಸನೆ ತಗುಲಿದರೆ ಅವು ಸೊಪ್ಪು ತಿನ್ನುವುದಿಲ್ಲವಂತೆ. ಇದೆಲ್ಲ ನನಗೆ ಆಮೇಲೆ ಗೊತ್ತಾಯಿತು. ಅವತ್ತು ಬೀಡಿ ಸೇದಿ ಬಂದಿದ್ದ ಇಬ್ಬರ ನಡುವೆ ಕೊನೆಯ ಸೀಟಿನಲ್ಲಿ ಕೂತು, ಮುಖ ಊದಿಸಿಕೊಂಡು ಹೋದೆ.

ನಂತರದ ವರ್ಷಗಳಲ್ಲಿ ಇಬ್ಬರೂ ಶ್ರೀನಿವಾಸಪುರದ ಬಸ್ಸಿಗೆ ಬಂದೆವು, ನಾನು ವರ್ಗವಾಗಿ, ಅವರು ಲೈನು ಬದಲಾಗಿ. ಆಗ ಅವರ ಇನ್ನೊಂದು ಸ್ವಭಾವ ಕಂಡಿತು. ಯಾರೇ ದೂರದ ಊರಿಗೆ ಹೋಗಿ ಬಂದರೂ ಅವರನ್ನು ಹಿಡಿದು ವಿಚಾರಿಸುತ್ತಿದ್ದರು. ದೇವರ ದರ್ಶನ ಆಯಿತೇ, ಸಮುದ್ರ ನೋಡಿದಿರಾ, ಇದ್ಯಾವುದೂ ಅವರಿಗೆ ಬೇಡ. ಕಾಶಿಗೆ ಹೋಗಿಬಂದ ನಮ್ಮ ಹೆಡ್‌ಮಾಸ್ಟರನ್ನು "ಸಾರ್, ಅಲ್ಲಿ ಬಸ್ ಸ್ಟ್ಯಾಂಡು ಊರೊಳಗಾ, ಊರಾಚೆಗಾ?" ಎಂದು ಕೇಳಿದರು. ಹೆಡ್‌ಮಾಸ್ಟರಿಗೆ ಗೊತ್ತಿರಲಿಲ್ಲ. "ಅಷ್ಟು ದೂರ ಹೋಗಿ ಅದನ್ನ ನೋಡ್ಲಿಲ್ವಾ?" ಎಂದು ಇವರು ನಿಜವಾಗಿಯೂ ಬೇಜಾರು ಮಾಡಿಕೊಂಡರು.

ಅವರಿಗೆ ಎಲ್ಲಕ್ಕಿಂತ ಕುತೂಹಲ ಗುಡ್ಡದ ಮೇಲಿನ ಊರುಗಳದ್ದು. ಶಾಲೆಯಿಂದ ನಾವು ಮಕ್ಕಳನ್ನು ಊಟಿಗೆ ಕರೆದುಕೊಂಡು ಹೋಗಿ ಬಂದ ವರ್ಷ, ಒಂದು ವಾರ ನನ್ನನ್ನು ಬಿಡಲಿಲ್ಲ. "ಬಸ್ ಸ್ಟ್ಯಾಂಡಿಗೆ ಸಪಾಟು ಜಾಗ ಬೇಕಲ್ವಾ ಟೀಚರಮ್ಮಾ, ಗುಡ್ಡದ ಮೇಲೆ ಎಲ್ಲಿಂದ ತಂದ್ರು? ಎದುರಿಗೆ ಬಸ್ ಬಂದ್ರೆ ಯಾರು ರಿವರ್ಸ್ ತಗೋಬೇಕು, ಹತ್ತೋನಾ, ಇಳಿಯೋನಾ? ಮಂಜು ಮುಚ್ಚಿದ್ರೆ ಸ್ಟಾಪ್ ಬಂತು ಅಂತ ಹೆಂಗೆ ಗೊತ್ತಾಗ್ತದೆ?" ನಾನು ಮಕ್ಕಳ ತಲೆ ಎಣಿಸುವುದರಲ್ಲೇ ಇದ್ದವಳು, ಒಂದಕ್ಕೂ ಉತ್ತರ ಹೇಳಲಾಗಲಿಲ್ಲ. "ನೀವೇ ಒಂದ್ಸಲ ಹೋಗಿ ನೋಡಿ ಸಾರ್" ಎಂದೆ. "ನಾನೆಲ್ಲಿ ಹೋಗ್ಲಿ?" ಎಂದು ನಕ್ಕರು. ಮೂವತ್ತು ವರ್ಷ ದಿನವೂ ಬಸ್ಸಿನಲ್ಲಿದ್ದ ಮನುಷ್ಯ ಈ ಕಡೆ ಬೆಂಗಳೂರು, ಆ ಕಡೆ ತಿರುಪತಿ ಬಿಟ್ಟು ಇನ್ನೊಂದು ಊರು ಕಂಡಿರಲಿಲ್ಲ.

ಅವರು ನಿವೃತ್ತರಾದ ವರ್ಷ ದಸರಾ ರಜೆಯಲ್ಲಿ ನಾನೇ ಮತ್ತೆ ಊಟಿಗೆ ಹೊರಟೆ. ಈ ಸಲ ಮಕ್ಕಳಿಲ್ಲದೆ, ಆರಾಮವಾಗಿ ನೋಡಬೇಕೆಂದು. ನಮ್ಮ ಯಜಮಾನರಿಗೆ ಘಾಟಿ ಎಂಬ ಮಾತು ಕೇಳಿದರೇ ಹೊಟ್ಟೆ ತೊಳಸುತ್ತದೆ, ಅವರು ಬರಲೊಲ್ಲರು. ಬಸ್ಸಿನ ಟೈಮು ಕೇಳೋಣವೆಂದು ಕಂಡಕ್ಟರ್ ಸಾರ್ ಮನೆಗೆ ಹೋದೆ. ಕೋಲಾರದಲ್ಲಿ ಮಹಡಿಯ ಮೇಲೆ ಎರಡು ಕೋಣೆಯ ಬಾಡಿಗೆ ಮನೆ. ಅವರು ನನ್ನ ಮಾತು ಮುಗಿಯಲು ಬಿಡಲಿಲ್ಲ. "ನಾವೂ ಬರ್ತೀವಿ" ಎಂದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ "ಯಾರು, ನಾವಾ?" ಎಂದರು. ಆ ಅಕ್ಕನ ದನಿಯನ್ನು ನಾನು ಕೇಳಿದ್ದು ಅದೇ ಮೊದಲು.

ಹೀಗೆ ನಾವು ಮೂವರು ಹೊರಟೆವು. ಬೆಂಗಳೂರಿನಿಂದ ಊಟಿಗೆ ನೇರ ಬಸ್ಸಿದೆ. ಅದನ್ನು ಇವರು ಒಪ್ಪಲಿಲ್ಲ. "ನೇರ ಹೋದ್ರೆ ಒಂದೂರು ನೋಡ್ತೀವಿ. ಬದಲಾಯಿಸ್ಕೊಂಡು ಹೋದ್ರೆ ನಾಲ್ಕೂರು." ಕೋಲಾರದಿಂದ ಬೆಂಗಳೂರು, ಅಲ್ಲಿಂದ ಮೈಸೂರು, ಅಲ್ಲಿಂದ ಗುಂಡ್ಲುಪೇಟೆ, ಅಲ್ಲಿಂದ ಕಾಡು ದಾಟಿ ಊಟಿ. ಪ್ರತಿ ಬಸ್ ಸ್ಟ್ಯಾಂಡಿನಲ್ಲೂ ಕಟ್ಟೆಯ ಮೇಲೆ ಹತ್ತು ನಿಮಿಷ ಸುಮ್ಮನೆ ಕೂರಬೇಕು, ಅದು ಅವರ ಷರತ್ತು. ಬಸ್ಸು ಯಾವ ಕಡೆಯಿಂದ ಬರುತ್ತದೆ, ಯಾವ ಕಡೆಯಿಂದ ಹೋಗುತ್ತದೆ, ಜನ ಎಲ್ಲಿ ಗುಂಪು ಕಟ್ಟುತ್ತಾರೆ, ಎಲ್ಲ ನೋಡಿ ಆದ ಮೇಲೆ ಅಲ್ಲಿನ ಕಂಡಕ್ಟರೊಬ್ಬರ ಹತ್ತಿರ ಹೋಗಿ, "ನಾನೂ ನಿಮ್ಮ ಕೆಲಸದೋನೇ" ಎಂದು ಶುರು ಮಾಡುತ್ತಿದ್ದರು. ಆ ಒಂದು ಮಾತಿಗೆ ಯಾರೂ ಮುಖ ತಿರುಗಿಸಿದ್ದನ್ನು ನಾನು ಕಾಣಲಿಲ್ಲ.

ಅಕ್ಕ ಬಸ್ ಸ್ಟ್ಯಾಂಡುಗಳನ್ನು ತಿರುಗಿಯೂ ನೋಡಲಿಲ್ಲ. ಅವರ ಕಣ್ಣೆಲ್ಲ ಕಿಟಕಿಯ ಆಚೆ. ಅವರು ಸುಗಟೂರಿನ ತರಕಾರಿ ಬೆಳೆಯುವ ಮನೆಯ ಹೆಣ್ಣುಮಗಳು. ಮೈಸೂರು ದಾಟಿದ ಮೇಲೆ ಒಂದೊಂದೇ ಹೊಲವನ್ನು ಗುರುತು ಹಿಡಿಯತೊಡಗಿದರು. "ಅರಿಶಿನ. ಇದು ಈರುಳ್ಳಿ, ನೀರು ಜಾಸ್ತಿ ಬಿಟ್ಟವ್ರೆ. ಚೆಂಡುಹೂ ನೋಡು ಟೀಚರಮ್ಮಾ, ಇಷ್ಟೊತ್ತಿಗೆ ಕೀಳ್ಬೇಕಾಗಿತ್ತು." ಸಾರ್ ಮುಂದಿನ ಸೀಟಿನಿಂದ ತಿರುಗಿ, "ಲೇ, ಆನೆ ಬರೋ ಜಾಗ ಇದು, ಆನೆ ನೋಡೇ" ಎಂದರು. "ಆನೆ ಬಂದ್ರೆ ಕರೀರಿ" ಎಂದು ಅಕ್ಕ ಮತ್ತೆ ಹೊರಗೆ ನೋಡಿದರು.

ಊಟಿಯಲ್ಲಿ ಮಾರ್ಕೆಟ್ಟಿನ ಹತ್ತಿರ ಲಾಡ್ಜು ಹಿಡಿದೆವು. ಬೆಳಿಗ್ಗೆ ನಾನು ಹೇಳಿದ ಕಡೆ, ಮಧ್ಯಾಹ್ನ ಅವರು ಹೇಳಿದ ಕಡೆ ಎಂದು ಒಪ್ಪಂದವಾಯಿತು. ಮೊದಲ ಬೆಳಿಗ್ಗೆ ಹೂವಿನ ತೋಟಕ್ಕೆ ನಡೆದೇ ಹೋಗೋಣ, ಹನ್ನೆರಡು ನಿಮಿಷದ ದಾರಿ ಎಂದು ಫೋನು ನೋಡಿ ಹೇಳಿದೆ. ಒಂದು ಅಡ್ಡದಾರಿ ತೋರಿಸಿತು, ಅದೇನು ರಸ್ತೆಯೋ ಮೆಟ್ಟಿಲೋ, ನೆಟ್ಟಗೆ ಮೇಲಕ್ಕೆ ಹೋಯಿತು. ಅರ್ಧಕ್ಕೆ ನಾನು ಒಂದು ಮನೆಯ ಗೇಟು ಹಿಡಿದುಕೊಂಡು ನಿಂತೆ. ಮುಕ್ಕಾಲು ಗಂಟೆಯಾಗಿತ್ತು. ಸಾರ್ ಕೂಡ ಏದುಸಿರು ಬಿಡುತ್ತಿದ್ದರು, ಆದರೂ ಅವಕಾಶ ಬಿಡಲಿಲ್ಲ. "ನಿಮ್ಮ ಫೋನಿಗೆ ಮಂಡಿ ಇಲ್ಲ ಟೀಚರಮ್ಮಾ. ಗುಡ್ಡದೂರಲ್ಲಿ ಎಷ್ಟು ದೂರ ಅಂತ ಕೇಳಬಾರದು, ಏರಾ ಇಳಿತಾ ಅಂತ ಕೇಳ್ಬೇಕು."

ಅಲ್ಲಿಂದ ನಾನು ಫೋನು ಒಳಗಿಟ್ಟು ಅವರ ಹಿಂದೆ ನಡೆದೆ. ಹೇಳಲೇಬೇಕು, ಆ ಊರನ್ನು ನಾನು ಕಂಡದ್ದು ಅವರಿಂದಲೇ. ಎಲ್ಲ ರಸ್ತೆಗಳೂ ಸುತ್ತಿ ಸುತ್ತಿ ಮಾರ್ಕೆಟ್ಟಿಗೇ ಬರುತ್ತವೆ, ದಾರಿ ತಪ್ಪಿದರೆ ಇಳಿಜಾರು ಹಿಡಿದರೆ ಸಾಕು ಎಂದು ಒಂದೇ ಗಂಟೆಯಲ್ಲಿ ಕಂಡುಕೊಂಡರು. ಮಂಜಿನಲ್ಲಿ ಸ್ಟಾಪು ಹೇಗೆ ಗೊತ್ತಾಗುತ್ತದೆ ಎಂಬ ಅವರ ಹಳೆಯ ಪ್ರಶ್ನೆಯನ್ನು ಒಬ್ಬ ಡ್ರೈವರಿಗೆ ಕೇಳಿದರು. "ಎಷ್ಟನೇ ತಿರುವು ಅಂತ ಎಣಿಸ್ತೀವಿ" ಎಂದನಂತೆ. ಆ ಉತ್ತರವನ್ನು ಅವತ್ತು ನಾಲ್ಕು ಸಲ ನನಗೆ ಹೇಳಿದರು. ದೋಣಿಗೆ ಹೋಗೋಣವೆಂದರೆ ಬರಲಿಲ್ಲ. ಕೆರೆ ನೋಡಲು ಕೋಲಾರದಿಂದ ಇಲ್ಲಿಗೆ ಬರಬೇಕೇ ಎನ್ನುವುದು ಅವರ ವಾದ.

ಅವರ ಮಧ್ಯಾಹ್ನದ ಕಾರ್ಯಕ್ರಮ ಬಹಳ ಸರಳ. ಸ್ಟ್ಯಾಂಡಿಗೆ ಹೋಗುವುದು, ಹಳ್ಳಿಯ ಕಡೆ ಹೋಗುವ ಒಂದು ಬಸ್ಸು ಹತ್ತುವುದು, ಕೊನೆಯ ಸ್ಟಾಪಿನ ತನಕ ಹೋಗಿ ಅದೇ ಬಸ್ಸಿನಲ್ಲಿ ವಾಪಸು ಬರುವುದು. ಎರಡನೆಯ ದಿನ ಹಾಗೆ ಒಂದು ಬಸ್ಸು ಹತ್ತಿದೆವು. ಕಂಡಕ್ಟರು ಚಿಕ್ಕ ಪ್ರಾಯದವನು. ತಾಯಿಯ ಊರು ಗುಂಡ್ಲುಪೇಟೆ ಕಡೆಯಾದ್ದರಿಂದ ಕನ್ನಡ ಚೆನ್ನಾಗಿಯೇ ಮಾತಾಡುತ್ತಿದ್ದ. ಬಸ್ಸು ಬಹುಪಾಲು ತುಂಬಿತ್ತು. ಅಕ್ಕನಿಗೆ ಮುಂದಿನ ಬಾಗಿಲ ಪಕ್ಕ ಕಿಟಕಿಯ ಸೀಟು ಸಿಕ್ಕಿತು. ಚಳಿಗೆ ಅವರು ಬಿಳಿ ಟವೆಲ್ಲೊಂದನ್ನು ತಲೆಗೆ ಸುತ್ತಿಕೊಂಡಿದ್ದರು. ನನಗೆ ನಡುವೆ ಎಲ್ಲೋ ಸಿಕ್ಕಿತು. ಸಾರ್ ಮಾತ್ರ ಸೀಟಿದ್ದರೂ ಕೂರದೆ ಹಿಂದಿನ ಬಾಗಿಲ ಹತ್ತಿರ ನಿಂತರು, ಸೊಂಟ ಆನಿಸಿಕೊಂಡು.

ಊರು ಬಿಟ್ಟು ಮುಕ್ಕಾಲು ಗಂಟೆಯಾದ ಮೇಲೆ ಒಂದು ತಿರುವಿನಲ್ಲಿ ಬಸ್ಸು ನಿಂತಿತು. ಒಂದು ಟೀ ಅಂಗಡಿ, ಅದರ ಪಕ್ಕ ಕ್ಯಾರೆಟ್ ತುಂಬಿದ ಮೂಟೆಗಳು, ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಹೊಲ. ಕೆಲವರು ಟೀಗೆ ಇಳಿದರು. ನಾನು ಇನ್ನೊಂದು ಬದಿಯ ಕಣಿವೆ ನೋಡುತ್ತ ಕೂತೆ. ಮಂಜು ಅಲ್ಲಿ ಏಳುತ್ತಿತ್ತು, ಇಳಿಯುತ್ತಿತ್ತು, ನೋಡಿ ಮುಗಿಯುವ ಹಾಗಿರಲಿಲ್ಲ. ಹಿಂದೆ ಮೂಟೆ ಹತ್ತಿಸುವ ಸದ್ದು, ಅದರಲ್ಲಿ ನಮ್ಮ ಸಾರ್ ದನಿಯೂ ಸೇರಿತ್ತು. "ಈ ಕಡೆ ತಳ್ಳಪ್ಪಾ, ಅಡ್ಡ ಇಡು, ಕಾಲಿಗೆ ಜಾಗ ಬಿಡು." ಕೈ ಕಟ್ಟಿಕೊಂಡು ನಿಲ್ಲುವುದು ಅವರಿಂದ ಆಗದ ಕೆಲಸ. ಕೊನೆಯ ಮೂಟೆ ಒಳಗೆ ಬಂತು. ಆಮೇಲೆ ತಗಡಿಗೆ ಎರಡು ಪೆಟ್ಟು ಬಿತ್ತು, ಗಂಟಲು ತುಂಬ "ರೈಟ್, ರೈಟ್!" ಎಂಬ ಕೂಗು ಕೇಳಿತು.

ಬಸ್ಸು ಹೊರಟೇಬಿಟ್ಟಿತು. ಆ ಕಂಡಕ್ಟರು ಟೀ ಲೋಟ ಅಂಗಡಿಯ ಕಟ್ಟೆಯ ಮೇಲೆ ಬಿಟ್ಟು ಓಡಿಬಂದು ಹಿಂದಿನ ಬಾಗಿಲಿಗೆ ನೇತುಬಿದ್ದ. "ಏನ್ ಸಾರ್, ನನ್ನೇ ಬಿಟ್ಟು ಹೊರಟ್ರಾ!" ಎಂದ. ಇಡೀ ಬಸ್ಸು ನಕ್ಕಿತು. ಸಾರ್ ಕಿವಿ ಹಿಡಿದುಕೊಂಡರು. "ಬಾಯಿಗೆ ಬಂದುಬಿಡ್ತು ಕಣಪ್ಪಾ. ಮೂವತ್ತು ವರ್ಷದ ಚಾಳಿ." ನಾನೂ ನಕ್ಕೆ. ಊರಿಗೆ ಹೋದ ಮೇಲೆ ಗುಂಪಿನಲ್ಲಿ ಬರೆಯಬೇಕು ಎಂದುಕೊಂಡೆ. ಮುಂದಿನ ಕಿಟಕಿಯ ಸೀಟಿನಲ್ಲಿ ಬಿಳಿ ಬಟ್ಟೆ ಸುತ್ತಿದ ತಲೆ ಕಾಣುತ್ತಿತ್ತು.

ಆ ಕಡೆಯ ಹಳ್ಳಿಗಳಲ್ಲಿ ವಯಸ್ಸಾದ ಹೆಂಗಸರೆಲ್ಲ ತಲೆಗೆ ಬಿಳಿಯ ವಸ್ತ್ರ ಕಟ್ಟುತ್ತಾರೆ. ಕೊನೆಯ ಸ್ಟಾಪಿನಲ್ಲಿ ಆ ತಲೆ ಎದ್ದು ನಮ್ಮ ಕಡೆ ತಿರುಗಿದಾಗ, ಅದು ಯಾರೋ ಅಜ್ಜಿ.

ಸಾರ್ ಮೊದಲು ಬಸ್ಸಿನ ಸೀಟುಗಳನ್ನೆಲ್ಲ ಒಂದೊಂದಾಗಿ ನೋಡಿದರು. ಆಮೇಲೆ ಕೆಳಗಿಳಿದು ಸುತ್ತ ನೋಡಿದರು. ನಾನು ಅಕ್ಕನ ನಂಬರಿಗೆ ಫೋನು ಮಾಡಿದೆ. ಅದು ಸಾರ್ ಹೆಗಲಿನ ಬ್ಯಾಗಿನಲ್ಲೇ ರಿಂಗಾಯಿತು. ಆ ಸದ್ದು ಕೇಳಿ ಅವರು ಆ ಚಿಕ್ಕ ಕಂಡಕ್ಟರನ ಮೇಲೆ ಹೋದರು. ಹನ್ನೊಂದು ವರ್ಷದಲ್ಲಿ ನಾನು ಅವರನ್ನು ಹಾಗೆ ನೋಡಿರಲಿಲ್ಲ. "ನೋಡ್ಕೊಂಡು ಬಸ್ ಬಿಡಬಾರದೇನಯ್ಯಾ? ಇಳಿದೋರು ಹತ್ತಿದ್ರಾ ಇಲ್ವಾ ಅಂತ ನೋಡೋ ಕೆಲಸ ಯಾರದು? ನಿಂಗೆ ಯಾರಯ್ಯಾ ಕೆಲಸ ಕೊಟ್ಟೋರು?"

ಹುಡುಗ ಅವರ ಕೂಗಾಟ ನಿಂತ ಮೇಲೆ, ಮೆಲ್ಲಗೆ, "ಸಾರ್, ರೈಟ್ ಹೇಳಿದ್ದು ನೀವು" ಎಂದ.

ಸಾರ್ ಹಿಂದಿನ ಮೆಟ್ಟಿಲ ಮೇಲೆ ಕುಸಿದು ಕೂತರು. ನನಗೆ ಅವರನ್ನು ನೋಡಲಾಗಲಿಲ್ಲ. ಅವರ ಪಾಲಿಗೆ ಎರಡು ಸಂಕಟ ಒಟ್ಟಿಗೆ ಬಂದಿತ್ತು: ಹೆಂಡತಿ ಗೊತ್ತಿಲ್ಲದ ಗುಡ್ಡದಲ್ಲಿ, ಗೊತ್ತಿಲ್ಲದ ಭಾಷೆಯ ಜನದ ನಡುವೆ ಒಬ್ಬರೇ ನಿಂತಿದ್ದಾರೆ, ಹಾಗೆ ನಿಲ್ಲಿಸಿ ಬಂದವರು ತಾವೇ.

"ವಾಪಸ್ ಹೊರಡೋದು ಎಷ್ಟೊತ್ತಿಗೆ?" ಎಂದು ಕೇಳಿದರು. ಇಪ್ಪತ್ತು ನಿಮಿಷ ಎಂದ ಹುಡುಗ. ಈಗಲೇ ತೆಗೆಯಿರಿ ಎಂದು ನಾನು ಡ್ರೈವರನ್ನು ಬೇಡಿಕೊಂಡೆ. ಮೇಲಿನ ಹಟ್ಟಿಗಳಿಂದ ಜನ ಈ ಟೈಮು ನಂಬಿಕೊಂಡು ಇಳಿದು ಬರುತ್ತಿರುತ್ತಾರೆ, ಮೊದಲೇ ಹೋದರೆ ಅವರಿಗೆ ಬಸ್ಸಿಲ್ಲ ಎಂದು ಆತ ತಲೆಯಾಡಿಸಿದ. ನಾನು ದನಿ ಏರಿಸಿದೆ. ಸಾರ್ ನನ್ನನ್ನು ತಡೆದರು. "ಅವರು ಹೇಳೋದು ಸರಿ ಟೀಚರಮ್ಮಾ. ನಾನಿದ್ರೂ ತೆಗೀತಿರಲಿಲ್ಲ." ಹಾಗೆಂದವರು ಎದ್ದು ರಸ್ತೆಯಲ್ಲಿ ಕೆಳಕ್ಕೆ ನಡೆಯತೊಡಗಿದರು. ಹಿಂದೆ ಓಡಿಹೋಗಿ ತೋಳು ಹಿಡಿದು ನಿಲ್ಲಿಸಬೇಕಾಯಿತು.

ಆ ಇಪ್ಪತ್ತು ನಿಮಿಷ ಅವರು ಅಕ್ಕನ ಬಗ್ಗೆ ಮಾತಾಡಿದರು. ಅದಕ್ಕೆ ಮೊದಲು ಒಂದು ದಿನವೂ ಮಾತಾಡಿದವರಲ್ಲ. "ಅವಳು ಅಲ್ಲೇ ನಿಂತಿರ್ತಾಳೆ, ಎಲ್ಲಿ ಬಿಟ್ನೋ ಅಲ್ಲೇ. ಒಂದು ಹೆಜ್ಜೆ ಆಚೆಗಿಡಲ್ಲ. ಹೆದರ್ಕೊಂಡು ಅಳ್ತಿರ್ತಾಳೆ. ಒಬ್ಬಳೇ ಕೋಲಾರದ ಮಾರ್ಕೆಟ್‌ಗೂ ಹೋದೋಳಲ್ಲ." ಆಮೇಲೆ ತಮಗೆ ತಾವೇ ಎನ್ನುವ ಹಾಗೆ, "ಹೋಗೋಳೇ, ನಾನೇ ಬೇಡ ಅಂತಿದ್ದೆ, ಜನ ಜಾಸ್ತಿ ಅಂತ" ಎಂದರು. ಬಸ್ಸಿನಲ್ಲಿ ನೂರು ಜನರ ಇಳಿಯುವ ಜಾಗ ಬಾಯಲ್ಲಿ ಇಟ್ಟುಕೊಂಡವರು. ಯಾರು ಯಾವ ದಿನ ತವರಿಗೆ ಹೋಗುತ್ತಾರೆ, ಯಾರ ಮಗಳಿಗೆ ಯಾವ ಆಸ್ಪತ್ರೆ, ಎಲ್ಲ ತಿಳಿದವರು. ಅಕ್ಕ ಕೊನೆಯ ಸಲ ಸುಗಟೂರಿಗೆ ಹೋದದ್ದು ಯಾವಾಗ ಎಂದು ಮಾತಿಗೆ ಕೇಳಿದೆ. ಅವರಿಗೆ ನೆನಪಾಗಲಿಲ್ಲ. ನಮ್ಮ ಬಸ್ಸು ದಿನಕ್ಕೆ ನಾಲ್ಕು ಸಲ ಸುಗಟೂರಿನ ಗೇಟು, ಅಕ್ಕನ ತವರಿನ ಸ್ಟಾಪು, ದಾಟುತ್ತಿತ್ತು.

ಬಸ್ಸು ಹೊರಟಿತು. ಅವರು ಮುಂದೆ ನಿಂತು, ಗಾಜಿನ ಆಚೆಗೆ ಕಣ್ಣು ನೆಟ್ಟು, ತಿರುವುಗಳನ್ನು ಬಾಯಲ್ಲಿ ಎಣಿಸುತ್ತಿದ್ದರು. ಟೀ ಅಂಗಡಿಯ ತಿರುವು ಬಂತು. ಮೂಟೆಗಳಿದ್ದ ಜಾಗ ಖಾಲಿ. ಅಕ್ಕ ಅಲ್ಲಿರಲಿಲ್ಲ.

ನಾವು ಇಳಿದೆವು. ಆ ಹುಡುಗ ಎರಡು ನಿಮಿಷ ಬಸ್ಸು ನಿಲ್ಲಿಸಿಕೊಂಡ, ಆಮೇಲೆ ಇನ್ನೊಂದು ಬಸ್ಸು ಅರ್ಧ ಗಂಟೆಗೆ ಬರುತ್ತದೆ, ಆ ಕಂಡಕ್ಟರಿಗೂ ಹೇಳಿರುತ್ತೇನೆ ಎಂದು ಹೊರಟ. ಸಾರ್ ರಸ್ತೆಯ ಆ ತುದಿಗೆ ಹೋದರು, ಈ ತುದಿಗೆ ಬಂದರು. ಹೆಂಡತಿಯನ್ನು ಹೆಸರು ಹಿಡಿದು ಕೂಗಿದರು, ಮಂಜಿನೊಳಗೆ, ತೆಲುಗಿನಲ್ಲಿ. ಟೀ ಅಂಗಡಿಯವನು ಹೊರಗೆ ಬಂದ. ಅವನ ಮಾತು ನಮ್ಮದರ ಹಾಗೇ ಇತ್ತು, ಆದರೂ ಅರ್ಧ ಮಾತ್ರ ತಿಳಿಯಿತು. ಕೈ ತೋರಿಸಿದ್ದು ಪೂರ್ತಿ ತಿಳಿಯಿತು. ಅಂಗಡಿಯ ಹಿಂದೆ, ಕೆಳಕ್ಕೆ, ಹೊಲದೊಳಕ್ಕೆ.

ಎರಡು ಪಾತಿ ಇಳಿದರೆ ಅಲ್ಲಿ ಆರೇಳು ಹೆಂಗಸರು ಸಾಲಾಗಿ ಕುಕ್ಕುರುಗಾಲಲ್ಲಿ ಕೂತು ಕ್ಯಾರೆಟ್ ಕೀಳುತ್ತಿದ್ದರು. ಅವರ ನಡುವೆ ನಮ್ಮ ಅಕ್ಕ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೊಣಕೈವರೆಗೆ ಕೆಂಪು ಮಣ್ಣು ಮೆತ್ತಿಕೊಂಡು ಕೂತಿದ್ದರು. ಬಿಳಿ ಟವೆಲ್ಲು ಕೊಡವಿ ಬೇಲಿಯ ಮೇಲೆ ಹಾಕಿದ್ದರು. ಪಕ್ಕದವಳಿಗೆ ಏನೋ ಹೇಳಿ ನಗುತ್ತಿದ್ದರು. ನಮ್ಮನ್ನು ನೋಡಿ ಗಾಬರಿಯಾಗಲಿಲ್ಲ. "ಟೀಚರಮ್ಮಾ, ಇಲ್ಲಿ ಬಾ" ಎಂದು ನನ್ನನ್ನು ಕರೆದರು. "ಮಣ್ಣು ನೋಡು ಹೆಂಗಿದೆ. ನಮ್ಮಲ್ಲಿ ಕ್ಯಾರೆಟ್ ಎಳೆದ್ರೆ ಅರ್ಧ ಮುರಿದು ಒಳಗೇ ಉಳೀತದೆ, ಗುದ್ದಲಿ ಹಾಕ್ಬೇಕು. ಇಲ್ಲಿ ಸುಮ್ನೆ ಎಳೆದ್ರೆ ಬಂದುಬಿಡ್ತದೆ." ಎಳೆದು ತೋರಿಸಿದರು. ಬೇರಿನ ತುದಿಯ ಕೂದಲೆಳೆಯೂ ಮುರಿಯದೆ ಬಂತು.

ಸಾರ್ ಬದುವಿನ ಮೇಲೆ ಕೂತುಬಿಟ್ಟರು.

"ಹೆದರಿಕೆ ಆಗ್ಲಿಲ್ವೇನೇ?"

"ಹೊಲ ನೋಡೋಣ ಅಂತ ಇಳಿದೆ, ಬಸ್ಸು ಹೋದಾಗ ಮೊದ್ಲು ಆಯ್ತು. ಆಮೇಲೆ ಇವರು ಕೆಲಸ ಮಾಡೋದು ಕಾಣಿಸ್ತು, ಬಂದೆ."

"ಆ ಬಸ್ಸು ಬಿಟ್ಟಿದ್ದು..."

"ನೀವು. ಗೊತ್ತು."

"ಕೇಳಿಸ್ತಾ?"

"ಕೇಳಿಸ್ದೆ ಏನು? ನಿಮ್ಮ ಗಂಟಲು ನಂಗೆ ಗೊತ್ತಾಗಲ್ವಾ?"

"ಕೂಗಬಾರದಾಗಿತ್ತೇನೇ? ಒಂದು ಕೂಗು ಹಾಕಿದ್ರೆ ನಿಲ್ಲಿಸ್ತಿದ್ನಲ್ಲೇ!"

ಅಕ್ಕ ಕೈಯಲ್ಲಿದ್ದ ಕ್ಯಾರೆಟ್ಟಿನ ಮಣ್ಣು ಹೆಬ್ಬೆರಳಿನಿಂದ ಒರೆಸಿದರು. "ಕೂಗ್ದೆ" ಎಂದರು. "ಅಷ್ಟರಲ್ಲಿ ನೀವು ಇನ್ನೊಂದ್ಸಲ ರೈಟ್ ಅಂದ್ರಿ."

ಕೋಪವಿರಲಿಲ್ಲ ಆ ದನಿಯಲ್ಲಿ. ನಡೆದದ್ದನ್ನು ನಡೆದ ಹಾಗೆ ಹೇಳಿ ಮುಂದಿನ ಗಿಡಕ್ಕೆ ಕೈ ಹಾಕಿದರು. ನಾನು ಬೇರೆ ಕಡೆ ನೋಡಿದೆ. ನೋಡಬಾರದ್ದನ್ನು ನೋಡಿದೆನೇನೋ ಎನ್ನಿಸಿತು. ಸಾರ್ ಕಣ್ಣಲ್ಲಿ ನೀರು ಬರುತ್ತಿತ್ತು, ಒರೆಸಿಕೊಳ್ಳಲಿಲ್ಲ. ಕೆಲಸದ ಹೆಂಗಸರು ಒಂದು ಕ್ಷಣ ಕೈ ನಿಲ್ಲಿಸಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮತ್ತೆ ಕೀಳತೊಡಗಿದರು.

ನಾನೂ ಬದುವಿನ ಮೇಲೆ ಕೂತೆ, ಹೆಂಗಸರು ಒಂದು ಸಾಲು ಮುಗಿಸಿದರು. ಮೇಲೆ ರಸ್ತೆಯಲ್ಲಿ ಬಸ್ಸಿನ ಹಾರ್ನು ಕೇಳಿತು. ಒಮ್ಮೆ, ಇನ್ನೊಮ್ಮೆ. ಹುಡುಗ ಹೇಳಿಟ್ಟಿದ್ದ ಬಸ್ಸು, ನಮಗಾಗಿಯೇ ಕಾಯುತ್ತಿತ್ತು. ನಾನು ಎದ್ದು ಸೀರೆ ಕೊಡವಿದೆ. ಅಕ್ಕ ತಲೆಯೆತ್ತದೆ, "ಇನ್ನೂ ಎರಡು ಸಾಲಿದೆ" ಎಂದರು. ಹೇಳಿದ್ದು ನಮಗೋ ಆ ಹೆಂಗಸರಿಗೋ ತಿಳಿಯಲಿಲ್ಲ. ಆಮೇಲೆ ಏನೋ ಜ್ಞಾಪಕ ಬಂದವರಂತೆ ಕೈ ಒರೆಸಿಕೊಂಡು ಏಳಲು ಹೋದರು.

"ಕೂತ್ಕೋ" ಎಂದರು ಸಾರ್. ತಾವು ಎದ್ದು, ರಸ್ತೆಯ ಕಡೆ ತಿರುಗಿ, ಹೋಗಿ ಎಂದು ಕೈ ಬೀಸಿದರು. ರೈಟ್ ಎನ್ನಲಿಲ್ಲ. ಬಸ್ಸು ಹೊರಟ ಸದ್ದು ಒಂದೊಂದೇ ತಿರುವು ದಾಟಿ ಸಣ್ಣದಾಯಿತು.

"ಮುಂದಿನದು ಎಷ್ಟೊತ್ತಿಗೆ?" ಎಂದರು ಅಕ್ಕ.

"ಕೇಳಿಲ್ಲ" ಎಂದರು ಸಾರ್. ಚಪ್ಪಲಿ ಬದುವಿನ ಮೇಲೆ ಬಿಟ್ಟು, ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು, ಅಕ್ಕನ ಪಕ್ಕದ ಸಾಲಿಗೆ ಇಳಿದರು.